ಹಸಿ ಗೋಡೆಯ ಮೇಲಿನ ಸರದಿ

ಆ ಊರಿನಲ್ಲಿ ಒಂದು ಬಿಳಿಯ ಚಾವಡಿ ಇತ್ತು. ಊರು ಯಾವ ಸೀಮೆಯದು ಎಂದು ಕೇಳಬೇಡಿ. ಚಾವಡಿಯನ್ನು ಕಂಡವರು ಊರಿನ ಉಳಿದದ್ದನ್ನೆಲ್ಲ ಮರೆತುಬಿಡುತ್ತಿದ್ದರು, ಅಷ್ಟು ಬಿಳಿ. ಬಾಗಿಲು ದಾಟಿದರೆ ಎದುರಿಗೇ ಒಂದು ಉದ್ದನೆಯ ಗೋಡೆ, ಗೋಡೆಯ ಬುಡಕ್ಕೆ ಅಷ್ಟೇ ಉದ್ದದ ಕಲ್ಲಿನ ಜಗಲಿ. ಊರಿನ ಮಾತೆಲ್ಲ ಆ ಜಗಲಿಯ ಮೇಲೆ ಕೂತೇ ಆಗಬೇಕು. ನಿಂತು ಆಡಿದ್ದನ್ನು ಆ ಊರು ಮಾತೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಗೋಡೆಗೆ ವರ್ಷಕ್ಕೊಂದು ಸಲ ಸುಣ್ಣ. ನೀರುನೀರಾಗಿ ಬಳಿದು ಕೈತೊಳೆದುಕೊಳ್ಳುವ ಸುಣ್ಣ ಅಂದುಕೊಳ್ಳಬೇಡಿ. ಕಪ್ಪೆಚಿಪ್ಪು ಸುಟ್ಟು, ಅರಳಿಸಿ, ಬೆಲ್ಲದ ನೀರು ಹಾಕಿ ಕಲಸಿ, ಕರಣೆಯಿಂದ ಅರ್ಧ ಬೆರಳು ದಪ್ಪಕ್ಕೆ ಮೆತ್ತುವ ಸುಣ್ಣ. ಹೀಗೆ ವರ್ಷ ವರ್ಷವೂ ಮೆತ್ತಿದರೆ ಗೋಡೆ ದಪ್ಪವಾಗಿ ಚಾವಡಿ ಚಿಕ್ಕದಾಗುವುದಿಲ್ಲವೇ ಅಂದರೆ, ಆಗುತ್ತಿತ್ತು. ಒಳಗೆ ಕೂತವರು ಯಾರೂ ಅದನ್ನು ಗಮನಿಸಿರಲಿಲ್ಲ.

ಆ ಚಾವಡಿಗೆ ಒಂದು ಕಟ್ಟಳೆ. ಸುಣ್ಣ ಹಸಿಯಿರುವ ತನಕ ಸುಣ್ಣದವರು ಒಳಗೆ, ಊರವರು ಹೊರಗೆ. ಸುಣ್ಣ ಒಣಗಿದ ಮೇಲೆ ಊರವರು ಒಳಗೆ, ಸುಣ್ಣದವರು ಹೊರಗೆ. ಯಜಮಾನ ಬಾಗಿಲಿಗೆ ಬಂದು, ಕೈಯ ಹಿಂಬದಿಯನ್ನು ಗೋಡೆಗೆ ಒತ್ತಿ, ಬಿಳಿ ಹತ್ತಲಿಲ್ಲವೆಂದರೆ "ಒಣಗಿತು" ಅನ್ನುತ್ತಿದ್ದ. ಸುಣ್ಣದವರು ಕರಣೆ, ಗಡಿಗೆ, ಏಣಿ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ತಾವೇ ಬೆಳ್ಳಗೆ ಮಾಡಿದ ಗೋಡೆ ಹೊಸದಾಗಿ ಒಣಗಿದಾಗ ಹೇಗೆ ಕಾಣುತ್ತದೆಂದು ಅವರಲ್ಲಿ ಒಬ್ಬರೂ ಒಳಗಿನಿಂದ ನೋಡಿರಲಿಲ್ಲ.

ಊರಾಚೆ ಒಂದು ಸಣ್ಣ ಕೇರಿ. ಅಲ್ಲಿ ಐದು ಮನೆ, ಐದು ಅಜ್ಜಿಯರು. ಹಿಂದಿನಜ್ಜಿಗೆ ಆಗಿಹೋದದ್ದೆಲ್ಲ ಗೊತ್ತು. ಕತೆಯಜ್ಜಿಗೆ ಆಗದೆ ಇದ್ದದ್ದೂ ಗೊತ್ತು. ಮಾತಜ್ಜಿಗೆ ಮಾತಿನ ಒಳಹೊರಗೆಲ್ಲ ಗೊತ್ತು. ಯಾಕಜ್ಜಿಗೆ ಏನೂ ಗೊತ್ತಿಲ್ಲ, ಆದರೆ ಗೊತ್ತಿಲ್ಲ ಎಂಬುದನ್ನು ಅವಳಷ್ಟು ಚೆನ್ನಾಗಿ ತಿಳಿದವರು ಮೂರು ಲೋಕದಲ್ಲಿ ಇರಲಿಲ್ಲ. ಕೊನೆಯ ಮನೆಯವಳು ಕಟ್ಟಳೆಯಜ್ಜಿ. ಯಾರು ಎಲ್ಲಿ ನಿಲ್ಲಬೇಕು, ಯಾರು ಏನು ಮುಟ್ಟಬಾರದು ಎಂಬುದೆಲ್ಲ ಅವಳ ಬಾಯಲ್ಲಿತ್ತು. ಐವರೂ ಅಕ್ಕತಂಗಿಯರು, ಐವರೂ ತಾನೇ ಹಿರಿಯಳು ಅನ್ನುತ್ತಿದ್ದರು.

ಯಾರು ಬೇಕಾದರೂ ಹೋಗಿ ಅವರಿಂದ ಕಲಿಯಬಹುದು. ಗುರು ಬೇಕಿಲ್ಲ, ಶಿಫಾರಸು ಬೇಕಿಲ್ಲ. ಯಾರ ಬಾಗಿಲನ್ನು ಮೊದಲು ತಟ್ಟುತ್ತೇನೆ, ಯಾರದನ್ನು ಆಮೇಲೆ, ಎಂಬ ಸರದಿಯನ್ನು ಚಾವಡಿಯ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆದು ಹೋದರೆ ಸಾಕು. ಬರೆಯದೆ ಹೋದರೆ ಬಾಗಿಲು ತೆಗೆಯುವುದಿಲ್ಲ. ಮೊದಲ ಅಜ್ಜಿ ಕೊಟ್ಟ ಕಿವಿಯಿಂದಲೇ ಉಳಿದ ನಾಲ್ವರನ್ನು ಕೇಳಬೇಕಾಗುತ್ತದೆ, ಆ ಕಿವಿ ಜನ್ಮಕ್ಕೂ ಬದಲಾಗದು, ಆದ್ದರಿಂದ ಸರದಿ ತಪ್ಪಿದರೆ ಕಲಿತದ್ದೆಲ್ಲ ತಪ್ಪು ಎಂದು ಊರು ನಂಬಿತ್ತು.

ಈ ನಂಬಿಕೆಯಿಂದ ಆ ಊರವರು ಸರದಿ ಬರೆಯುವುದರಲ್ಲಿ ಎತ್ತಿದ ಕೈ ಆಗಿಬಿಟ್ಟಿದ್ದರು. ಬಾಗಿಲು ತಟ್ಟಿದವರು ಮಾತ್ರ ಒಬ್ಬರೂ ಇಲ್ಲ. ಬೆಳಗಾದರೆ ಜಗಲಿಯ ಮೇಲೆ ಕೂತು, ಮಾತಜ್ಜಿ ಮೊದಲೋ ಹಿಂದಿನಜ್ಜಿ ಮೊದಲೋ ಎಂದು ಊಟದ ಹೊತ್ತಿನ ತನಕ ಕಿತ್ತಾಡುವರು. ಬರೆಯುವರು, ಹಿಂದೆ ಸರಿದು ನಿಂತು ನೋಡುವರು, ತಲೆಯಾಡಿಸಿ ಒರೆಸುವರು. ತುಂಬ ಚೆಂದದ ಸರದಿಯೊಂದನ್ನು ಬರೆದವನು ತೀರಿಕೊಂಡಾಗ ಆ ಸರದಿಗೇ ಹಾರ ಹಾಕಿ ಕೈಮುಗಿದದ್ದೂ ಉಂಟು. ಎಲ್ಲರ ಸರದಿಯಲ್ಲೂ ಕಟ್ಟಳೆಯಜ್ಜಿ ಕೊನೆಯವಳು. ಅವಳ ಮಾತು ಒಣ, ಬಾಯಿ ಕೆಟ್ಟದ್ದು, ಮನೆ ದೂರ.

ಈ ಸರದಿಗಾರರಲ್ಲಿ ಒಬ್ಬ ತಾತನಿದ್ದ. ಮೂವತ್ತೊಂದು ವರ್ಷದಿಂದ ಬರೆಯುತ್ತಿದ್ದ. ಪ್ರತಿವರ್ಷ ಚಾವಡಿಗೆ ಸುಣ್ಣ ಮೆತ್ತಲು ಬರುತ್ತಿದ್ದ ಸುಣ್ಣದವಳನ್ನು ಕಂಡಾಗ ಮುಖ ತಿರುಗಿಸದೆ ಮಾತಾಡಿಸುತ್ತಿದ್ದವನು ಅವನೊಬ್ಬನೇ.

"ಈ ಸಲ ಕತೆಯಜ್ಜೀನ ಮೂರರಿಂದ ನಾಲ್ಕಕ್ಕೆ ಹಾಕಿದೀನಿ ಕಣವ್ವ," ಅನ್ನುವನು. "ಈಗ ಸರಿಯಾಗಿ ಕೂತ್ಕೊಂತು."

"ಹಾಗಾದರೆ ನಾಳೆ ಹೋಗ್ತೀರಾ ತಾತ?"

"ನಾಳೇನಾ? ಸ್ವಲ್ಪ ಇರಲಿ. ಒಂದು ವರ್ಷ ನೋಡಿ ಹೋಗ್ತೀನಿ."

ಮುಂದಿನ ವರ್ಷ ಸುಣ್ಣದವಳು ಬಂದು ಅವನ ಸರದಿಯ ಮೇಲೆ ಕರಣೆ ಎಳೆಯುತ್ತಿದ್ದಳು. ಅವನದು, ಅವರದು, ಎಲ್ಲರದು. ಐದೇ ಹೆಸರು, ನೂರಾರು ಸಾಲು. ಯಾರೂ ಅವಳಿಗೆ ಅಕ್ಷರ ಹೇಳಿಕೊಟ್ಟಿರಲಿಲ್ಲ. ಇಪ್ಪತ್ತು ವರ್ಷ ಆ ಐದು ಹೆಸರುಗಳನ್ನು ಅಳಿಸಿ ಅಳಿಸಿ ಅವಳಿಗೆ ಓದು ಬಂದಿತ್ತು. ಯಾರಿಗೂ ಅದನ್ನು ಹೇಳಿಕೊಂಡಿರಲಿಲ್ಲ, ಅವ್ವನಿಗೊಬ್ಬಳಿಗೆ ಬಿಟ್ಟು.

ಅವ್ವ ಅವಳಿಗಿಂತ ಮೊದಲೇ ಕರಣೆ ಹಿಡಿದು ಆ ಗೋಡೆಗೆ ಒಟ್ಟು ನಲವತ್ತು ವರ್ಷ ಸುಣ್ಣ ಮೆತ್ತಿದವಳು. ಒಂದು ವರ್ಷ ಎಂದಿನಂತೆ ಏಣಿ ಹತ್ತಿದ್ದಳು. ಬೇಡ ಅಂದರೆ ಕೇಳುವ ಹೆಂಗಸಲ್ಲ. ಮೇಲಿನ ಮೂಲೆಗೆ ಕೈ ಚಾಚಿದಾಗ ಏಣಿ ಜಾರಿತು. ಅವ್ವ ಬಿದ್ದಳು, ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಮಗಳು ಓಡಿ ಬಂದು ಅವಳನ್ನು ಎತ್ತಿ ಜಗಲಿಯ ಮೇಲೆ ಕೂರಿಸಿ ಕಾಲಿಗೆ ಬಟ್ಟೆ ಸುತ್ತುತ್ತಿದ್ದಾಗ ಯಜಮಾನ ಬಾಗಿಲಿಗೆ ಬಂದ. ಕೈ ಒತ್ತಿದ.

"ಒಣಗಿತು," ಅಂದ.

"ಯಜಮಾನ್ರೆ, ಮೂಳೆ ಮುರಿದದೆ. ಕಟ್ಟಿ ಎತ್ಕೊಂಡು ಹೋಗ್ತೀನಿ, ಒಂದು ಗಳಿಗೆ."

"ಒಣಗಿತು," ಅಂದ ಯಜಮಾನ ಮತ್ತೆ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬಂತು ಅನ್ನುವ ಹಾಗೆ ಹೇಳಿದ.

ನಾಲ್ಕು ಜನ ಬಂದು ಅವ್ವನನ್ನು ಎತ್ತಿ ಹೊರಗೆ ಬಿಸಿಲಿನಲ್ಲಿ ಇಟ್ಟರು. ಅರ್ಧ ಕಟ್ಟಿದ ಕಾಲು ಆ ಎಳೆದಾಟದಲ್ಲಿ ಸರಿಯಿತು. ಕೂಡಿಕೊಂಡಿತೇನೋ ನಿಜ, ಸೊಟ್ಟಗೆ ಕೂಡಿಕೊಂಡಿತು. ಮತ್ತೆ ಏಣಿ ಹತ್ತುವ ಮಾತಿಲ್ಲ.

"ಅದ್ಯಾಕವ್ವ ಹಂಗೆ ಮಾಡಿದ್ರು?" ಎಂದು ಮಗಳು ಕೇಳಿದಳು.

"ಕಟ್ಟಳೆ ಅಲ್ವಾ."

"ಕಟ್ಟಳೆ ಯಾಕೆ ಹಂಗಿದೆ?"

"ಅದನ್ನ ನನ್ನ ಕೇಳ್ತೀಯಲ್ಲೇ, ನಾನೇನು ಅಜ್ಜಿಯಾ?" ಎಂದು ಅವ್ವ ನಕ್ಕಳು. ನಗುವಾಗ ಕಾಲು ನೋಯಿತು. ಕಣ್ಣಲ್ಲಿ ನೀರು ಬಂತು. ಮಗಳು ಅದನ್ನು ನೋಡಿದಳು, ನೋಡಿ ಗಟ್ಟಿಯಾಗಿ ನಿಶ್ಚಯಿಸಿಬಿಟ್ಟಳು. ಕಲಿಯುವುದೇ ಸರಿ, ಕಟ್ಟಳೆಯನ್ನು ಕಟ್ಟಿದವರು ಯಾರೆಂದು ತಿಳಿಯುವ ತನಕ ಬಿಡುವುದಿಲ್ಲ.

ಆದರೆ ಸರದಿ ಬರೆಯಬೇಕಲ್ಲ? ಊರವರು ಬರೆಯುವುದು ಒಣ ಗೋಡೆಯ ಮೇಲೆ. ಗೋಡೆ ಒಣಗಿದಾಗ ಅವಳು ಹೊರಗೆ. ಇದನ್ನು ಯೋಚಿಸಿ ಅವಳಿಗೆ ಮೈ ಉರಿಯಿತು. ಎಷ್ಟು ಸೊಗಸಾಗಿ ಬಾಗಿಲು ಹಾಕಿದ್ದರು! ಯಾರೂ ನೀನು ಕಲಿಯಬೇಡ ಎಂದಿರಲಿಲ್ಲ, ಅನ್ನುವ ಅಗತ್ಯವೇ ಬಿದ್ದಿರಲಿಲ್ಲ.

ಮುಂದಿನ ವರ್ಷ ಒಬ್ಬಳೇ ಸುಣ್ಣಕ್ಕೆ ಹೋದಳು. ಎಲ್ಲರ ಸರದಿಯನ್ನೂ ಮುಚ್ಚಿದಳು. ಗೋಡೆ ಹಾಲಿನ ಹಾಗೆ ಹಸಿಯಾಗಿ ಹೊಳೆಯುತ್ತಿತ್ತು. ಹೊರಗೆ ಊರು ಕಾಯುತ್ತಿತ್ತು. ಅವಳು ಕರಣೆ ಕೆಳಗಿಟ್ಟಳು, ತೋರುಬೆರಳನ್ನು ಹಸಿ ಸುಣ್ಣಕ್ಕೆ ಒತ್ತಿದಳು.

ಐದು ಹೆಸರು ಬರೆಯುವಷ್ಟು ಹೊತ್ತಿತ್ತು. ಯಾವುದರ ಮುಂದೆ ಯಾವುದು ಎಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ತನಗೆ ಏನು ಬೇಕೆಂದು ಗೊತ್ತಿತ್ತು. ಕಟ್ಟಳೆಯ ವಿಷಯ ಕೇಳಬೇಕಾದವಳು ಮಾತಜ್ಜಿಯ ಮನೆ ಬಾಗಿಲಲ್ಲಿ ಹೋಗಿ ನಿಂತರೆ ಏನು ಬಂತು? ಅವಳು ಒಂದೇ ಹೆಸರು ಬರೆದಳು, ಕಟ್ಟಳೆಯಜ್ಜಿ ಎಂದು. ಉಗುರಿನಲ್ಲಿ ಸುಣ್ಣ ಸುಟ್ಟಿತು.

ಯಜಮಾನ ಬಂದ, ಕೈ ಒತ್ತಿದ, ಒಣಗಿತು ಅಂದ. ಆಮೇಲೆ ಗೋಡೆ ನೋಡಿದ.

"ಇದೇನು?"

"ನನ್ನ ಸರದಿ," ಎಂದಳು ಸುಣ್ಣದವಳು, ಆಗಲೇ ಹೊಸ್ತಿಲಾಚೆ ನಿಂತು.

"ಸರದಿ ಅಂದರೆ ಐದು ಹೆಸರು. ಇಲ್ಲಿರೋದು ಒಂದು."

"ಮೊದಲನೇ ಅಜ್ಜಿ ಎರಡನೆಯವಳು ಯಾರು ಅಂತ ಹೇಳ್ತಾಳೆ ಯಜಮಾನ್ರೆ."

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅದೂ ಕಟ್ಟಳೆಯಜ್ಜಿಯಿಂದ ಶುರು! ಬುಡ ಮೇಲು ಮಾಡಿ ಮರ ಹತ್ತುವವಳು ಎಂದರು. ಯಜಮಾನ "ಅಳಿಸಿ" ಅಂದ. ಕೆಮ್ಮಣ್ಣಾದರೆ ಒರೆಸಬಹುದಿತ್ತು, ಇದು ಗೋಡೆಯೊಳಗೇ ಇಳಿದು ಕಲ್ಲಾಗಿತ್ತು. ಕೆರೆದರೆ ಗೋಡೆ ಕಿತ್ತು ಬರುತ್ತದೆ, ಕಿತ್ತ ಗೋಡೆಗೆ ಸುಣ್ಣ ಮೆತ್ತಲು ಮತ್ತೆ ಅವಳನ್ನೇ ಕರೆಯಬೇಕು. ಇರಲಿ ಬಿಡಿ, ಎರಡು ದಿನದಲ್ಲಿ ಅಜ್ಜಿಯೇ ಓಡಿಸುತ್ತಾಳೆ ಎಂದು ಅವರವರೇ ಸಮಾಧಾನ ಮಾಡಿಕೊಂಡರು.

ಸುಣ್ಣದವಳು ಕೇರಿಯ ಕೊನೆಯ ಮನೆಗೆ ಹೋದಳು. ಮೊದಲು ಮರ್ಯಾದೆಗೆಂದು ಹೊಸ್ತಿಲಿಗೆ ಸುಣ್ಣದ ಪಟ್ಟಿ ಎಳೆದಳು, ಆಮೇಲೆ ಬಾಗಿಲು ತಟ್ಟಿದಳು.

"ಯಾರೇ ಅದು?"

"ಸುಣ್ಣದವಳು, ಅಜ್ಜಿ."

"ದಾರಿ ತಪ್ಪಿದ್ಯಾ? ಮಾತಿನೋಳ ಮನೆ ಆ ತುದೀಲಿ ಐತೆ."

"ನಿಮ್ಮ ಮನೆಗೇ ಬಂದೆ."

ಒಳಗೆ ಏನೋ ಕೈಜಾರಿ ಬಿದ್ದ ಸದ್ದು. "ಗೋಡೆ ಮೇಲೆ ನನ್ನ ಹೆಸರು ಐತಾ?"

"ಐತೆ."

"ಎಷ್ಟನೇದು?"

"ಮೊದಲನೇದು."

"ಸುಳ್ಳು ಬೊಗಳಬೇಡ ಕಣೆ, ನಾಲಿಗೆ ಸೀಳ್ತೀನಿ."

"ನಿಜ ಅಜ್ಜಿ. ಬೇರೆ ಯಾರ ಹೆಸರೂ ಬರೆದಿಲ್ಲ."

ಒಳಗೆ ಪೆಟ್ಟಿಗೆ ತೆಗೆದು ಮುಚ್ಚಿದ ಸದ್ದು. ಬಾಗಿಲು ತೆರೆದಾಗ ಅಜ್ಜಿ ಒಗೆದ ಸೀರೆ ಉಟ್ಟಿದ್ದಳು, ತಲೆ ಅರ್ಧ ಬಾಚಿತ್ತು. "ಒಳಗೆ ಬಾ, ಕೂತ್ಕೊ," ಎಂದಳು. ಸುಣ್ಣದವಳು ನಿಂತೇ ಇದ್ದಳು. "ಕೂತ್ಕೊ ಅಂದ್ನಲ್ಲ, ಕಿವಿ ಕೇಳಲ್ವಾ?" ಬೇರೆಯವರ ಗೋಡೆಯೊಳಗೆ ಅವಳನ್ನು ಹಾಗೆ ಯಾರೂ ಕೂರಿಸಿರಲಿಲ್ಲ. ಕೂತಳು, ಕೂತ ಮೇಲೆ ಅಳು ತಡೆಯಲಾಗಲಿಲ್ಲ. ಅಜ್ಜಿ ಬೈಯುತ್ತಲೇ ನೀರು ತಂದುಕೊಟ್ಟಳು.

ಆ ಮನೆಯ ಜಂತೆಯಿಂದ ಜಂತೆಗೆ ಹಗ್ಗಗಳು ತೂಗುತ್ತಿದ್ದವು. ಹಗ್ಗದ ತುಂಬ ಗಂಟು. ಒಂದೊಂದು ಗಂಟೂ ಒಂದೊಂದು ಕಟ್ಟಳೆ. ಪ್ರತಿ ಗಂಟಿನೊಳಗೆ ಒಂದು ಬಣ್ಣದ ಎಳೆ, ಅದು ಆ ಕಟ್ಟಳೆಗೆ ಕಾರಣ. ಬಾವಿಯ ಬಳಿ ಬಟ್ಟೆ ಒಗೆಯಬಾರದು, ನೀಲಿ ಎಳೆ. ಬಿತ್ತಿದ ಹೊಲದಲ್ಲಿ ನಡೆಯಬಾರದು, ಹಸಿರು ಎಳೆ. ಸುಣ್ಣದವಳು ಒಂದು ವರ್ಷ ಗಂಟು ಬಿಚ್ಚಿದಳು, ನೋಡಿದಳು, ಮತ್ತೆ ಕಟ್ಟಿದಳು. ಬೆರಳು ಬಿರಿದವು, ಕಣ್ಣು ಸೋತವು. ಬಿಟ್ಟುಬಿಡೋಣ ಅನ್ನಿಸಿದಾಗ ಮನೆಗೆ ಹೋಗಿ ಅವ್ವನ ಕಾಲಿಗೆ ಎಣ್ಣೆ ಹಚ್ಚಿ ಬರುತ್ತಿದ್ದಳು. ವರ್ಷದ ಕೊನೆಗೆ ಚಾವಡಿಯ ಗಂಟು ಸಿಕ್ಕಿತು. ಅದು ಎರಡು ಗಂಟು, ಒಂದಕ್ಕೊಂದು ಅಂಟಿಕೊಂಡದ್ದು. ಸುಣ್ಣ ಹಸಿಯಿರುವ ತನಕ ಊರವರು ಹೊರಗೆ ಎಂಬುದರೊಳಗೆ ಕೆಂಪು ಎಳೆ ಇತ್ತು. ಹಿಂದೊಮ್ಮೆ ಹಸಿ ಸುಣ್ಣ ಸಿಡಿದು ಮಕ್ಕಳ ಕಣ್ಣು ಹೋಗಿತ್ತು. ಒಣಗಿದ ಮೇಲೆ ಸುಣ್ಣದವರು ಹೊರಗೆ ಎಂಬ ಇನ್ನೊಂದನ್ನು ಬಿಚ್ಚಿದಳು.

"ಅಜ್ಜಿ, ಇದರಲ್ಲಿ ಎಳೆ ಇಲ್ಲ."

"ಸರಿಯಾಗಿ ನೋಡು."

"ಖಾಲಿ ಅಜ್ಜಿ. ಗಂಟೊಂದೇ."

ಅಜ್ಜಿ ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಅವಳ ಮುಖ ಸಣ್ಣದಾಯಿತು. "ನಾನು ಹಗ್ಗ ಕಾಯೋಳು ಕಣೆ, ಒಳಗೆ ಏನೈತೆ ಅಂತ ಬಿಚ್ಚಿ ನೋಡೋಳಲ್ಲ. ಈ ಖಾಲಿ ಗಂಟು ಯಾರು ಹಾಕಿದ್ರೋ ನಂಗೊತ್ತಿಲ್ಲ. ಇದನ್ನ ಹಿಡ್ಕೊಂಡು ಹೋಗಿ ಹಿಂದಿನೋಳ್ನ ಕೇಳು."

ಹಾಗೆ ಎರಡನೇ ಹೆಸರು ಸಿಕ್ಕಿತು. ಸುಣ್ಣದ ದಿನ ಅವಳು ಮೊದಲ ಹೆಸರಿನ ಸುತ್ತ ಜಾಗ ಬಿಟ್ಟು ಸುಣ್ಣ ಮೆತ್ತಿ, ಅದರ ಕೆಳಗೆ ಹಿಂದಿನಜ್ಜಿ ಎಂದು ಬರೆದಳು.

ಹಿಂದಿನಜ್ಜಿ ನಿನ್ನೆಯಿಂದ ಶುರುಮಾಡಿ ಹಿಂದಕ್ಕೆ ಹೇಳುವವಳು. ಹಿಂದಕ್ಕೆ ಹೋದಷ್ಟೂ ಅವಳ ಮನೆಗೆ ಕೊನೆಯಿಲ್ಲ. ಎಲ್ಲ ಮೊದಲಿನಿಂದ ಹೇಳಿ ಎಂದು ಕೇಳಿದ್ದರೆ ಸುಣ್ಣದವಳು ಅಲ್ಲೇ ಮುದುಕಿಯಾಗಿ ಸಾಯಬೇಕಿತ್ತು. ಆದರೆ ಅವಳ ಕೈಯಲ್ಲಿ ಆ ಖಾಲಿ ಗಂಟು ಇತ್ತು. ಅಜ್ಜಿ ಅದನ್ನು ಮೂಸಿ, "ಇದು ತೀರ ಹಳೇದೇನಲ್ಲ. ನಿಮ್ಮವ್ವನ ಅಜ್ಜಿಯ ಕಾಲದ್ದು," ಎಂದಳು. ಅಷ್ಟು ದೂರ ನಡೆದು ತಲುಪಲು ಒಂದು ವರ್ಷ ಹಿಡಿಯಿತು.

"ಒಬ್ಬಳು ಸುಣ್ಣದವಳು ಜಗಲಿ ಮೇಲೆ ಕೂತಿದ್ದಳು," ಎಂದಳು ಅಜ್ಜಿ. "ಆಗೆಲ್ಲ ಕೂರುತ್ತಿದ್ದರು. ಕೂತು ಅಂದಿನ ಯಜಮಾನನನ್ನು ಒಂದು ಪ್ರಶ್ನೆ ಕೇಳಿದಳು. ಊರೆಲ್ಲ ನೋಡುತ್ತಿತ್ತು. ಅವನಿಗೆ ಉತ್ತರ ಹೊಳೆಯಲಿಲ್ಲ. ಮೊದಲು ಹೊರಗೆ ಹೋಗು ಅಂದ. ಮಾರನೇ ದಿನದಿಂದ ಅದು ಕಟ್ಟಳೆಯಾಯಿತು."

"ಇಷ್ಟೇನಾ?"

"ಇಷ್ಟೇ ಮಗಳೇ."

ಸುಣ್ಣದವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಬ್ಬನ ಮುಖಭಂಗಕ್ಕೆ ಅವ್ವನ ಕಾಲು ಹೋಗಿತ್ತು. "ಅವಳು ಕೇಳಿದ ಪ್ರಶ್ನೆ ಏನು ಅಜ್ಜಿ?"

"ಅದು ನನ್ನಲ್ಲಿಲ್ಲ. ಯಾರೂ ಹೇಳಿ ಹೋಗಲಿಲ್ಲ."

ಇಲ್ಲಿಗೆ ಬಂದು ಸುಣ್ಣದವಳು ಎಡವಿದಳು. ಆ ಪ್ರಶ್ನೆಯನ್ನು ಎಲ್ಲಿ ಹುಡುಕುವುದು? ಕತೆಯಜ್ಜಿಯ ಬಳಿ ಇರಬಹುದು. ಯಾಕಜ್ಜಿಯ ಬಳಿಯೂ ಇರಬಹುದು. ಮೊದಲ ಸಲ ಅವಳ ಮುಂದೆ ಎರಡು ಬಾಗಿಲು ಇದ್ದವು, ಎರಡೂ ಸರಿಯೆನಿಸುತ್ತಿದ್ದವು. ಮನೆಯ ಅಂಗಳದಲ್ಲಿ ಕಡ್ಡಿ ಹಿಡಿದು ನೆಲದ ಮೇಲೆ ಬರೆದಳು. ಕತೆ ಮೊದಲು, ಯಾಕೆ ಆಮೇಲೆ. ಅಳಿಸಿದಳು. ಯಾಕೆ ಮೊದಲು, ಕತೆ ಆಮೇಲೆ. ಅದನ್ನೂ ಅಳಿಸಿದಳು. ಮೊದಲು ಮಾಡಿದ್ದೇ ತಪ್ಪಿರಬಹುದು ಅನ್ನಿಸಿತು. ಕಟ್ಟಳೆಯಜ್ಜಿಯ ಕಿವಿಯಿಂದ ಕೇಳಿದ್ದಕ್ಕೇ ಹಿಂದಿನಜ್ಜಿಯ ಮಾತು ಅರ್ಧ ಬಂದಿರಬಹುದು. ಊರವರು ಹೇಳಿದ್ದೇ ನಿಜವಿರಬಹುದು. ಸುಣ್ಣದ ದಿನ ಬಂತು. ಗೋಡೆ ಮೆತ್ತಿ ಬೆರಳೆತ್ತಿ ನಿಂತಳು. ಇದೋ, ಅದೋ, ಇದೋ. ಬೆರಳಿನ ಮುಂದೆಯೇ ಗೋಡೆ ಒಣಗಿಹೋಯಿತು.

ಒಂದು ವರ್ಷ ಹಾಳಾಯಿತು. ಆ ವರ್ಷವೆಲ್ಲ ಅವಳು ಅಂಗಳದಲ್ಲೇ ಕೂತಿದ್ದಳು, ಕಡ್ಡಿ ಸವೆಯುತ್ತಿತ್ತು. ಸರದಿಯ ತಾತ ಆ ದಾರಿಯಲ್ಲಿ ಹೋಗುತ್ತ ಬೇಲಿಯ ಬಳಿ ನಿಂತ. ನೆಲ ನೋಡಿದ, ಅವಳನ್ನು ನೋಡಿದ.

"ನಿನಗೂ ಹತ್ತಿಕೊಂತಾ ಮಗಾ?" ಎಂದ. ಬೇಲಿಯಿಂದ ಕೈ ತೆಗೆದು ಹೊರಟುಹೋದ.

ಮನೆಯ ಜಗಲಿಯ ಮೂಲೆಯಿಂದ ಅವ್ವ ಇದನ್ನೆಲ್ಲ ನೋಡುತ್ತಿದ್ದಳು. "ನಾನೊಂದು ಮಾತು ಹೇಳ್ಲಾ?" ಎಂದಳು.

"ಹೇಳವ್ವ."

"ಅವರು ಗೋಡೆ ಮೇಲೆ ಬರೀತಾರೆ, ನೀನು ನೆಲದ ಮೇಲೆ ಬರೀತೀಯ. ನನಗೆ ಅಷ್ಟೇ ವ್ಯತ್ಯಾಸ ಕಾಣ್ತಿರೋದು. ಕಡ್ಡಿ ಇತ್ಲಾಗೆ ಕೊಡು, ಒಲೆಗಾದ್ರೂ ಹಾಕ್ತೀನಿ."

ಮಗಳಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಕಡ್ಡಿ ಕೊಟ್ಟಳು. ಮುಂದಿನ ಸುಣ್ಣದ ದಿನ ಬೆರಳೆತ್ತಿದ್ದೇ ತಡ, ಕತೆಯಜ್ಜಿ ಎಂದು ಬರೆದುಬಿಟ್ಟಳು. ಅದೇ ಸರಿಯೆಂದು ಅವಳಿಗೆ ಆಗಲೂ ಗೊತ್ತಿರಲಿಲ್ಲ. ತಪ್ಪಿದ್ದರೆ ಆ ತಪ್ಪಿನಿಂದ ಮುಂದಕ್ಕೆ ದಾರಿ ಹುಡುಕಿದರಾಯಿತು ಎಂದುಕೊಂಡಳು.

ಕತೆಯಜ್ಜಿ ಆ ಪ್ರಶ್ನೆಯನ್ನು ನೂರು ಬಗೆಯಲ್ಲಿ ಹೇಳಿದಳು. ಒಂದರಲ್ಲಿ ಆ ಹೆಂಗಸು ನೀರಿನ ಬಗ್ಗೆ ಕೇಳಿದ್ದಳು, ಇನ್ನೊಂದರಲ್ಲಿ ಸಾವಿನ ಬಗ್ಗೆ, ಮತ್ತೊಂದರಲ್ಲಿ ನಿನ್ನ ಹೆಂಡತಿ ಯಾಕೆ ನಗುವುದಿಲ್ಲ ಎಂದು. "ಯಾವುದು ನಿಜ ಅಜ್ಜಿ?" ಅಂದರೆ ಅಜ್ಜಿ ಎಲೆಯಡಿಕೆ ಜಗಿಯುತ್ತ, "ನಿಜ ಬೇಕಿದ್ರೆ ಹಿಂದಿನೋಳ ಮನೇಲೇ ಇರಬೇಕಿತ್ತು," ಅನ್ನುವಳು. ಆದರೂ ಆ ವರ್ಷದಷ್ಟು ಸುಖವಾಗಿ ಸುಣ್ಣದವಳು ಎಂದೂ ಇರಲಿಲ್ಲ. ನೂರು ಕತೆಯನ್ನೂ ಕೇಳಿ ಮುಗಿಸಿದ ಮೇಲೆ ಅವಳಿಗೆ ಒಂದು ಹೊಳೆಯಿತು. ಪ್ರಶ್ನೆ ಎಲ್ಲದರಲ್ಲೂ ಬೇರೆ ಬೇರೆ, ಕೇಳಿದವಳು ಮಾತ್ರ ಎಲ್ಲದರಲ್ಲೂ ಕೂತೇ ಇದ್ದಳು. ಮತ್ತೆ ಇನ್ನೊಂದು. ಈ ಕತೆಗಳನ್ನು ಕಟ್ಟಳೆಯಜ್ಜಿ ಕೊಟ್ಟ ಮೊದಲ ಕಿವಿಯಿಂದಷ್ಟೇ ಕೇಳಿದ್ದರೆ ಅವು ಬರೀ ಸುಳ್ಳಾಗಿ ಕೇಳಬೇಕಿತ್ತು. ಹಾಗೆ ಕೇಳಲಿಲ್ಲ. ಕಿವಿ ಬದಲಾಗುತ್ತದೆ, ಪ್ರತಿ ಮನೆಯಲ್ಲೂ ಬದಲಾಗುತ್ತದೆ. ಊರು ಸುಮ್ಮನೆ ಹೆದರಿತ್ತು.

ಮುಂದಿನ ಸಲ ಬರೆದದ್ದು ಯಾಕಜ್ಜಿಯ ಹೆಸರು. ಅವಳು ಏನೂ ಕಲಿಸಲಿಲ್ಲ. "ಆ ಪ್ರಶ್ನೆ ಯಾಕೆ ಬೇಕು?" ಎಂದು ಕೇಳಿದಳು. ಉತ್ತರ ಹೇಳಿದರೆ, "ಅದ್ಯಾಕೆ?" ಅನ್ನುವಳು. ಬೇಸಿಗೆ ಹೋಯಿತು, ಮಳೆ ಹೋಯಿತು. ಒಂದು ದಿನ ಸುಣ್ಣದವಳು ರೇಗಿ, "ಯಾಕೆ ಅಂದ್ರೆ ನಾನೂ ಕೂತ್ಕೊಬೇಕು ಅಜ್ಜಿ! ನಮ್ಮವ್ವ ಕೂತ್ಕೊಬೇಕು!" ಎಂದು ಕೂಗಿದಳು.

"ಹಾಗಿದ್ರೆ ಆ ಸತ್ತವಳ ಪ್ರಶ್ನೆ ಕಟ್ಕೊಂಡು ನಿನಗೇನಾಗಬೇಕು? ನಿನ್ನದು ಯಾಕೆ ಕೇಳಬಾರದು?" ಎಂದಳು ಯಾಕಜ್ಜಿ, ಮತ್ತು ಬಾಗಿಲು ಹಾಕಿಕೊಂಡಳು.

ಈಗ ಉಳಿದವಳು ಮಾತಜ್ಜಿ. ಊರಿನ ಎಲ್ಲ ಸರದಿಯಲ್ಲೂ ಮೊದಲೋ ಎರಡನೆಯದೋ ಆಗಿ ಕಾದು ಕಾದು ಸಾಕಾದವಳು. ಸುಣ್ಣದವಳು ಐದನೇ ಹೆಸರು ಬರೆದು ಅವಳ ಬಾಗಿಲು ತಟ್ಟಿದಳು.

"ಕೊನೇಲಿ ಬಂದ್ಯಾ? ನನ್ನನ್ನ ಕೊನೇಲಿ ಹಾಕಿದ್ಯಾ?" ಎಂದು ಅಜ್ಜಿ ಮುಖ ಊದಿಸಿಕೊಂಡಳು.

"ಹೇಳೋಕೆ ಏನೂ ಇರಲಿಲ್ಲ ಅಜ್ಜಿ. ಈಗ ಐತೆ."

ಅಜ್ಜಿಯ ಮುಖ ಅರಳಿತು. ಸುಣ್ಣದವಳು ಖಾಲಿ ಗಂಟಿನಿಂದ ಹಿಡಿದು ಎಲ್ಲವನ್ನೂ ಸೇರಿಸಿ ಉದ್ದನೆಯ ಮಾತೊಂದನ್ನು ಕಟ್ಟಿ ತಂದಿದ್ದಳು. ಅಜ್ಜಿ ಕೇಳಿದಳು. ಇದು ನಿನ್ನ ಸಿಟ್ಟು, ತೆಗೆ ಎಂದಳು. ಇದು ನೀನು ಕಲಿತದ್ದನ್ನು ತೋರಿಸೋಕೆ, ತೆಗೆ ಎಂದಳು. ತಿಂಗಳಿಗೊಂದು ಮಾತು ಉದುರಿತು. ವರ್ಷ ಮುಗಿಯುವ ಹೊತ್ತಿಗೆ ನಾಲ್ಕೇ ಮಾತು ಉಳಿದಿದ್ದವು.

ಏಳನೇ ಸುಣ್ಣದ ದಿನ. ಸುಣ್ಣದವಳು ಗೋಡೆ ಮೆತ್ತಿದಳು, ಕರಣೆ ತೊಳೆದಿಟ್ಟಳು, ಜಗಲಿಯ ಮೇಲೆ ಕೂತಳು. ಯಜಮಾನ ಬಂದು ಕೈ ಒತ್ತಿದ.

"ಒಣಗಿತು."

ಅವಳು ಕೂತೇ ಇದ್ದಳು.

"ಒಣಗಿತು ಅಂದೆ. ಏಳು."

ಅವಳು ತಲೆಯೆತ್ತಿ ಅವನನ್ನು ನೋಡಿದಳು. "ನಾನು ಕೂತರೆ ನಿಮಗೇನಾಗ್ತದೆ, ಯಜಮಾನ್ರೆ?"

ಕೂತು ಆಡಿದ ಮಾತು. ಊರು ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕಾಯಿತು. ಬಾಗಿಲಲ್ಲಿ ನಿಂತವರೆಲ್ಲ ಯಜಮಾನನ ಬಾಯಿ ನೋಡಿದರು. ಹೊರಗೆ ಹೋಗು ಎಂದು ಹೊಸ ಕಟ್ಟಳೆ ಹಾಕೋಣವೆಂದರೆ ಆ ಕಟ್ಟಳೆ ಆಗಲೇ ಇತ್ತು. ಅವಳನ್ನು ಎತ್ತಿ ಒಯ್ಯಿರಿ ಅನ್ನಬಹುದಿತ್ತು. ಆದರೆ ಹಿಂದೆ ಅವಳ ಅವ್ವನನ್ನು ಎತ್ತಿದ ನಾಲ್ವರೂ ಅಲ್ಲಿದ್ದರು, ನಾಲ್ವರೂ ತಲೆ ತಗ್ಗಿಸಿ ತಮ್ಮ ಕಾಲುಗಳನ್ನೇ ನೋಡುತ್ತಿದ್ದರು. ಕೊನೆಗೆ ಯಜಮಾನನಿಗೆ ಒಂದು ಉಪಾಯ ಹೊಳೆಯಿತು.

"ಗೋಡೆಗೆ ನೀರು ಹಾಕಿ!" ಎಂದ. "ಹಸಿಯಿದ್ದರೆ ಅವಳು ಕೂತಿದ್ದರೂ ತಪ್ಪಿಲ್ಲ. ಕಟ್ಟಳೆ ಉಳೀತದೆ."

ಎಂಥ ಬುದ್ಧಿವಂತ ಯಜಮಾನ ಎಂದು ಊರು ಮೆಚ್ಚಿತು. ಕೊಡ ಕೊಡ ನೀರು ಬಂತು. ಗೋಡೆ ಹಸಿಯಾಯಿತು. ಗೋಡೆ ಹಸಿಯಾದ್ದರಿಂದ ಊರವರು ಹೊರಗೆ ಹೋಗಬೇಕಾಯಿತು. ಹೊರಗೆ ಬಿಸಿಲಲ್ಲಿ ನಿಂತರು. ಗೋಡೆ ಒಣಗಿತು. ಒಳಗೆ ಬಂದರು. ಅವಳು ಕೂತಿದ್ದಳು. ಮತ್ತೆ ನೀರು, ಮತ್ತೆ ಹೊರಗೆ. ಒಣಗಿತು, ಒಳಗೆ, ನೀರು, ಹೊರಗೆ. ಸೂರ್ಯ ನೆತ್ತಿಗೆ ಬರುವ ಹೊತ್ತಿ‍ಗೆ ಬಾವಿಯ ಹಗ್ಗ ಹಿಡಿದವರ ಅಂಗೈ ಸುಲಿದಿತ್ತು.

ನಡುವೆ ಒಮ್ಮೆ ಗೋಡೆ ಹಸಿಯಿದ್ದಾಗ ಸರದಿಯ ತಾತ ಒಳಗೆ ಬಂದ. "ತಾತ, ಹಸಿ ಇದೆ, ಹೊರಗೆ ಬನ್ನಿ!" ಎಂದು ಕೂಗಿದರು. ಅವನು ಕೇಳಿಸಿಕೊಳ್ಳಲಿಲ್ಲ. ಮೆತ್ತಗಾಗಿದ್ದ ಸುಣ್ಣಕ್ಕೆ ಬೆರಳು ಒತ್ತಿ ಕತೆಯಜ್ಜಿ ಎಂದು ಬರೆದ, ಒಂದೇ ಹೆಸರು. "ಮೊದಲಿಂದಲೂ ಅವಳ ಹತ್ರಾನೇ ಹೋಗಬೇಕು ಅಂತಿದ್ದೆ ಕಣವ್ವ," ಎಂದು ಸುಣ್ಣದವಳಿಗೆ ಹೇಳಿ, ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತ, ಆ ವಯಸ್ಸಿನಲ್ಲಿ ಓಡುವಷ್ಟು ಓಡಿ ಕೇರಿಯ ಕಡೆ ಹೋದ.

ಹೊತ್ತು ಇಳಿಯುತ್ತ ಬಂತು. ನೀರು ಹೊರುವವರು ಒಬ್ಬೊಬ್ಬರೇ ಕೊಡ ಇಟ್ಟು ನೆರಳಿನಲ್ಲಿ ಕೂತರು. ಕೊನೆಯ ಕೊಡವನ್ನು ಯಜಮಾನನೇ ಹೊತ್ತು ತಂದ. ಹೊಸ್ತಿಲಲ್ಲಿ ನಿಂತ. ಗೋಡೆಯ ಮೇಲಿನಿಂದ ಹಸಿ ಇಳಿಯುತ್ತ ಅಂಚಿನಿಂದ ಬಿಳಿ ಹಬ್ಬುತ್ತಿತ್ತು. ಅವನು ಅದನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, ನಿಜವಾಗಿ ತಿಳಿಯಬೇಕೆಂಬ ಹಾಗೆ ಕೇಳಿದ.

"ನೀನು ಕೂತರೆ ಏನಾಗ್ತದೆ?"

"ನನಗೂ ಗೊತ್ತಿಲ್ಲ ಯಜಮಾನ್ರೆ," ಎಂದಳು ಸುಣ್ಣದವಳು. "ಕೂತು ನೋಡಣ ಬನ್ನಿ." ಸ್ವಲ್ಪ ಸರಿದು ಜಾಗ ಬಿಟ್ಟಳು.

ಯಜಮಾನ ಕೊಡ ಇಳಿಸಿದ. ಕೂತ. ಅವನ ಹಿಂದೆ ಒಬ್ಬೊಬ್ಬರಾಗಿ ಊರವರು ಬಂದರು, ಉಸಿರು ಬಿಗಿಹಿಡಿದು ಕೂತರು. ಗೋಡೆ ಪೂರ್ತಿ ಒಣಗಿತು. ಎಲ್ಲರೂ ಕಾದರು.

ಬಾಗಿಲಲ್ಲಿ ಕೋಲಿನ ಸದ್ದಾಯಿತು. ಅವ್ವ ಸೊಟ್ಟ ಕಾಲನ್ನು ಎಳೆದುಕೊಂಡು ಹೊಸ್ತಿಲು ದಾಟಿ ಬಂದಳು. ಮಗಳು ಕೈಹಿಡಿದು ಕೂರಿಸಿಕೊಂಡಳು. ಅವ್ವ ಗೋಡೆಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು, ಮೆಲ್ಲಗೆ ಹಿಂದಕ್ಕೆ ಒರಗಿ ಬೆನ್ನು ಕೊಟ್ಟಳು, ಕಣ್ಣು ಮುಚ್ಚಿಕೊಂಡಳು.

"ತಂಪಾಗಿದೆ ಕಣೆ," ಎಂದಳು.